ಹೊಸ ಇಂಪೆಲ್ಲರ್‌ಗೆ ಟೆಸ್ಟ್ ರಿಗ್ ಕಟ್ಟುವುದು ಹೇಗೆ? ಬೆಂಚಿನ ಮೇಲೆ ಬಂದ ಅಂಕಿಯನ್ನು ಎಷ್ಟು ನಂಬಬಹುದು?

ಸುಳಿನೀರು:

ಸೆಂಟ್ರಿಫ್ಯೂಗಲ್ ಪಂಪೊಂದಕ್ಕೆ ಮೂರು ಹೊಸ ಇಂಪೆಲ್ಲರ್ (ಒಳಗೆ ತಿರುಗಿ ನೀರನ್ನು ಹೊರಕ್ಕೆ ಎಸೆಯುವ ಬ್ಲೇಡಿನ ಚಕ್ರ) ವಿನ್ಯಾಸಗಳು ಸಿದ್ಧವಾಗಿವೆ. ಕೇಸಿಂಗ್, ಶಾಫ್ಟ್, ಮೋಟಾರು ಎಲ್ಲ ಹಳೆಯವೇ. ಬ್ಲೇಡುಗಳ ಸಂಖ್ಯೆ ಮತ್ತು ಹೊರತುದಿಯ ಕೋನ ಮಾತ್ರ ಬದಲಾಗಿವೆ. ಹಳೆಯ ಇಂಪೆಲ್ಲರ್ ಎರಕದ್ದು, ಹೊಸ ಮೂರೂ ನೈಲಾನಿನಲ್ಲಿ ತ್ರೀಡಿ ಪ್ರಿಂಟ್ ಆದವು. ವ್ಯಾಸ ಸುಮಾರು 130 ಮಿ.ಮೀ., ವೇಗ ನಿಮಿಷಕ್ಕೆ 2,900 ಸುತ್ತು. ಕೆಲಸದ ಬಿಂದು ಸೆಕೆಂಡಿಗೆ 5 ಲೀಟರ್ ಹರಿವು, 20 ಮೀಟರ್ ಹೆಡ್ (ಪಂಪು ನೀರಿಗೆ ಕೊಡುವ ಒತ್ತಡ, ನೀರಿನ ಎತ್ತರದ ಲೆಕ್ಕದಲ್ಲಿ). ನೀರು ಒಳಬರುವ ಸಕ್ಷನ್ ಪೈಪು 65 ಮಿ.ಮೀ., ಹೊರಹೋಗುವ ಡೆಲಿವರಿ 50 ಮಿ.ಮೀ. ಲೆಕ್ಕದ ಪ್ರಕಾರ ದಕ್ಷತೆ ಶೇ. 2ರಿಂದ 3ರಷ್ಟು ಹೆಚ್ಚಬೇಕು.

ಇದನ್ನು ಪರೀಕ್ಷಿಸಲು ಒಂದು ರಿಗ್ ಕಟ್ಟಬೇಕಿದೆ. 500 ಲೀಟರಿನ ತೊಟ್ಟಿ, ಒಂದು ರೋಟಾಮೀಟರ್, 10 ಬಾರಿನ ಎರಡು ಪ್ರೆಶರ್ ಗೇಜು, ಒಂದು ಕ್ಲಾಂಪ್ ಮೀಟರು ಕೈಯಲ್ಲಿವೆ. ಇಷ್ಟರಲ್ಲೇ ಕೆಲಸ ಆಗುತ್ತದೆಯೇ? ತೊಟ್ಟಿ ಎಷ್ಟು ದೊಡ್ಡದಿರಬೇಕು? ಎಷ್ಟು ಗಂಟೆ ಓಡಿಸಿದರೆ ಸಾಕು? ಮುಂದೆ ಇದೇ ವಿನ್ಯಾಸವನ್ನು ದೊಡ್ಡ ಪಂಪಿಗೆ ಒಯ್ಯುವ ಯೋಚನೆಯೂ ಇದೆ. ಹಾಗಾಗಿ ಅಳತೆ ಇಳಿಸಿದ ಮಾದರಿಯಲ್ಲಿ ಪರೀಕ್ಷಿಸುವುದರ ಬಗ್ಗೆಯೂ ತಿಳಿದವರು ಹೇಳಿ. ಕೊನೆಯದಾಗಿ, ರಿಗ್ಗಿನ ಗೋಜೇ ಬೇಡ, ನೇರವಾಗಿ ಬಳಸುವವರ ಕೈಗೆ ಕೊಟ್ಟು ನೋಡಿ ಎಂಬ ಸಲಹೆಯೂ ಬಂದಿದೆ. ಅದು ಸರಿಯೇ?

ಅಳತೆಗೋಲು:

ಮೀಟರುಗಳ ಮಾತಿಗೆ ಮುಂಚೆ ಒಂದು ವಿಷಯ. ನಿಮ್ಮ ಹೋಲಿಕೆಯಲ್ಲೇ ತೊಡಕಿದೆ. ಹಳೆಯದು ಎರಕ, ಹೊಸದು ಪ್ರಿಂಟ್. ಪ್ರಿಂಟಿನ ಪದರದ ಗೆರೆಗಳು ಇಂಪೆಲ್ಲರಿನ ಹೊರಮೈಯಲ್ಲಿ ನೀರನ್ನು ಹೆಚ್ಚು ತಿಕ್ಕುತ್ತವೆ, ಎರಕದ ಮೈ ಒರಟುತನ ಬೇರೆ ಥರದ್ದು. ವ್ಯತ್ಯಾಸ ಕಂಡರೆ ಅದು ಬ್ಲೇಡಿನ ಕೋನದಿಂದ ಬಂತೋ ಮೈ ಒರಟುತನದಿಂದ ಬಂತೋ ಹೇಳಲು ಸಾಧ್ಯವೇ ಇಲ್ಲ. ಆದ್ದರಿಂದ ಹಳೆಯ ವಿನ್ಯಾಸವನ್ನೂ ಅದೇ ಯಂತ್ರದಲ್ಲಿ, ಅದೇ ನೈಲಾನಿನಲ್ಲಿ, ಅದೇ ದಿಕ್ಕಿಗೆ ಮಲಗಿಸಿ ಪ್ರಿಂಟ್ ಮಾಡಿ. ಹೋಲಿಕೆ ಅದರ ಜೊತೆಗೆ ನಡೆಯಲಿ. ಎರಕದ್ದು ಪಕ್ಕಕ್ಕಿರಲಿ, ರಿಗ್ಗನ್ನೇ ಪರೀಕ್ಷಿಸಲು ಬೇಕಾಗುತ್ತದೆ.

ಇನ್ನೊಂದು, ವೇರ್ ರಿಂಗಿನ ಸಂದು, ಅಂದರೆ ತಿರುಗುವ ಇಂಪೆಲ್ಲರಿನ ಬಾಯಿಗೂ ಕೇಸಿಂಗಿನ ಬಳೆಗೂ ನಡುವಿನ ಸಣ್ಣ ಅಂತರ. ಈ ಅಳತೆಯ ಪಂಪಿನಲ್ಲಿ ವ್ಯಾಸದ ಮೇಲೆ 0.2ರಿಂದ 0.3 ಮಿ.ಮೀ. ಸಂದು ಇರುತ್ತದೆ. ಒಂದು ಇಂಪೆಲ್ಲರಿನಲ್ಲಿ 0.2, ಮತ್ತೊಂದರಲ್ಲಿ 0.4 ಇದ್ದರೆ ಒಳಗಿಂದೊಳಗೇ ಹಿಂದಕ್ಕೆ ಸೋರುವ ನೀರು ಬದಲಾಗಿ ದಕ್ಷತೆಯನ್ನು ತಿನ್ನುತ್ತದೆ. ನೀವು ಹುಡುಕುತ್ತಿರುವ ಶೇ. 2 ಅದರಲ್ಲೇ ಮುಳುಗಿಹೋಗುತ್ತದೆ. ಜೊತೆಗೆ ನೈಲಾನ್ ನೀರು ಹೀರಿ ಉಬ್ಬುವ ವಸ್ತು. ನಾಲ್ಕನ್ನೂ ಕೆಲವು ದಿನ ನೀರಿನಲ್ಲಿ ನೆನೆಸಿಟ್ಟು, ಆಮೇಲೆ ಲೇತಿನಲ್ಲಿ ಒಂದೇ ಅಳತೆಗೆ ತಂದು, ಪ್ರತಿಯೊಂದರ ಸಂದನ್ನೂ ಬರೆದಿಡಿ.

ಈಗ ಹರಿವು. ರೋಟಾಮೀಟರ್ ಬೇಡ. ಅದರ ದೋಷವನ್ನು ಸಾಮಾನ್ಯವಾಗಿ ಪೂರ್ತಿ ಸ್ಕೇಲಿನ ಶೇಕಡಾವಾರಿನಲ್ಲಿ ಕೊಟ್ಟಿರುತ್ತಾರೆ, ಅರ್ಧ ಸ್ಕೇಲಿನಲ್ಲಿ ಓದಿದರೆ ದೋಷ ದುಪ್ಪಟ್ಟು. ತೂಕದ ತೊಟ್ಟಿ ಮತ್ತು ಸ್ಟಾಪ್‌ವಾಚೇ ಎಲ್ಲಕ್ಕಿಂತ ನಂಬಿಕಸ್ಥ ಸಾಧನ. ನಿಮ್ಮ 500 ಲೀಟರಿನ ತೊಟ್ಟಿಯನ್ನು ತಕ್ಕಡಿಯ ಮೇಲಿಡಿ. ಸೆಕೆಂಡಿಗೆ 5 ಲೀಟರಿನಂತೆ ಅದು 100 ಸೆಕೆಂಡಿನಲ್ಲಿ ತುಂಬುತ್ತದೆ. ಕೈಯ ತಡ 0.3 ಸೆಕೆಂಡ್ ಎಂದಿಟ್ಟುಕೊಂಡರೂ ದೋಷ ಶೇ. 0.3. ಅದೇ 200 ಲೀಟರಿನ ಡ್ರಮ್ಮಾದರೆ 40 ಸೆಕೆಂಡು, ದೋಷ ಶೇ. 0.75. ಪೈಪಿನ ಬಾಯಿಂದ ನೀರು ಗಾಳಿಯಲ್ಲಿ ಬೀಳುವಂತಿರಲಿ, ಆ ಧಾರೆಯನ್ನು ತಗಡಿನ ತೂಬೊಂದರಿಂದ ಥಟ್ಟನೆ ಈ ಕಡೆಯಿಂದ ಆ ಕಡೆಗೆ ತಿರುಗಿಸಿ. ವಾಲ್ವು ತಿರುಗಿಸಿ ದಾರಿ ಬದಲಿಸಿದರೆ ಪಂಪಿನ ಮೇಲಿನ ಹೊರೆಯೇ ಬದಲಾಗುತ್ತದೆ. ತೂಕದ ತೊಟ್ಟಿ ತುಂಬುವಾಗ ಕೆಳಗಿನ ಮುಖ್ಯ ತೊಟ್ಟಿಯ ಮಟ್ಟ ಇಳಿದು ಹರಿವೂ ಚೂರು ಇಳಿಯುತ್ತದೆ. ಹಾಗಾಗಿ ಗೇಜನ್ನು ಮೊದಲಲ್ಲೂ ಕೊನೆಯಲ್ಲೂ ಓದಬೇಡಿ, ಸಮಯದ ನಡುಮಧ್ಯದಲ್ಲಿ ಓದಿ. ಪ್ರತಿ ಬಾರಿ ತೂಗುವುದು ಬೇಸರವೆನಿಸಿದರೆ ವಿದ್ಯುತ್ಕಾಂತೀಯ ಫ್ಲೋ ಮೀಟರ್ ಹಾಕಿ. ಅದಕ್ಕೆ ನೀರು ಒಳಬರುವ ಬದಿಯಲ್ಲಿ ಪೈಪಿನ ವ್ಯಾಸದ 5 ಪಟ್ಟು, ಹೊರಹೋಗುವ ಬದಿಯಲ್ಲಿ 3 ಪಟ್ಟು ನೇರ ಪೈಪು ಇರಲಿ, ಪೈಪು ಸದಾ ತುಂಬಿರಲಿ. ತೂಕದ ತೊಟ್ಟಿಗೆ ಹೋಲಿಸದೆ ಅದರ ಅಂಕಿಯನ್ನೂ ನಂಬಬೇಡಿ.

90 ಡಿಗ್ರಿಯ ವಿ-ನಾಚ್ (ನೀರು ಹರಿದುಹೋಗಲು ವಿ ಆಕಾರದಲ್ಲಿ ಕತ್ತರಿಸಿದ ತಗಡು) ಹಾಕೋಣ ಎಂದು ಯಾರಾದರೂ ಹೇಳಬಹುದು. ಅಲ್ಲಿ ಹರಿವು ನೀರಿನ ಎತ್ತರದ 2.5ನೇ ಘಾತಕ್ಕೆ ಹೋಗುತ್ತದೆ. 100 ಮಿ.ಮೀ. ಎತ್ತರದಲ್ಲಿ ಒಂದೇ ಮಿಲಿಮೀಟರ್ ತಪ್ಪಿ ಓದಿದರೆ ಹರಿವು ಶೇ. 2.5 ತಪ್ಪುತ್ತದೆ. ನಿಮ್ಮ ಕೆಲಸಕ್ಕೆ ಅದು ಸಾಲದು.

ಹೆಡ್. 20 ಮೀಟರ್ ಎಂದರೆ ಸುಮಾರು 1.96 ಬಾರ್. 10 ಬಾರಿನ, 1.6 ದರ್ಜೆಯ (ಪೂರ್ತಿ ಸ್ಕೇಲಿನ ಶೇ. 1.6 ದೋಷದ) ಗೇಜಿನಲ್ಲಿ ದೋಷ 0.16 ಬಾರಿನವರೆಗೂ ಹೋಗಬಹುದು. ಅಂದರೆ 1.6 ಮೀಟರ್, ನಿಮ್ಮ ಹೆಡ್ಡಿನ ಶೇ. 8. ಅವೆರಡನ್ನೂ ತೆಗೆದಿಡಿ. 4 ಬಾರಿನ, 0.25 ದರ್ಜೆಯದು ಬೇಕು, ದೋಷ 0.1 ಮೀಟರಿಗೆ ಇಳಿಯುತ್ತದೆ. ಗೇಜಿನ ರಂಧ್ರಗಳು ಪಂಪಿನ ಫ್ಲ್ಯಾಂಜಿನಿಂದ ಪೈಪಿನ ವ್ಯಾಸದ 2 ಪಟ್ಟು ದೂರದಲ್ಲಿರಲಿ. ರಂಧ್ರ 4 ಮಿ.ಮೀ. ಸಾಕು. ಒಳಬದಿಯಲ್ಲಿ ಡ್ರಿಲ್ಲಿನ ಚೂಪು ಅಂಚು ಉಳಿಯಬಾರದು, ಅದೊಂದೇ ಓದನ್ನು ಕೆಡಿಸಬಲ್ಲದು. ಗೇಜಿನ ನಳಿಕೆಯಲ್ಲಿ ಸಿಕ್ಕ ಗಾಳಿಯನ್ನು ಪ್ರತಿ ಸಲ ಬಿಡಿ. ಎರಡು ಗೇಜುಗಳ ಎತ್ತರದ ವ್ಯತ್ಯಾಸ ಸೇರಿಸಿ. ವೇಗದ ಹೆಡ್ಡನ್ನೂ ಮರೆಯಬೇಡಿ: 50 ಮಿ.ಮೀ. ಪೈಪಿನಲ್ಲಿ ವೇಗ 2.55 ಮೀ./ಸೆ., ಅದರ ಹೆಡ್ 0.33 ಮೀ.; 65ರಲ್ಲಿ 1.5 ಮೀ./ಸೆ., 0.12 ಮೀ. ವ್ಯತ್ಯಾಸ 0.21 ಮೀಟರ್. ಅದನ್ನು ಬಿಟ್ಟರೆ ಅಲ್ಲೇ ಶೇ. 1 ಹೋಯಿತು.

ಶಕ್ತಿ. ಎಲ್ಲರೂ ಎಡವುವುದು ಇಲ್ಲೇ. ಕ್ಲಾಂಪ್ ಮೀಟರಿನ ಆಂಪಿಯರನ್ನು ವೋಲ್ಟಿಗೆ ಗುಣಿಸಿದರೆ ಪವರ್ ಫ್ಯಾಕ್ಟರ್ (ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಬಿಟ್ಟುಹೋಗುತ್ತದೆ. ವ್ಯಾಟ್‌ಮೀಟರ್ ಹಾಕಿದರೂ ಅದರಲ್ಲಿ ಮೋಟಾರಿನ ನಷ್ಟ ಸೇರಿಕೊಂಡಿರುತ್ತದೆ, ಆ ನಷ್ಟ ಹೊರೆ ಮತ್ತು ಬಿಸಿಯ ಜೊತೆ ಬದಲಾಗುತ್ತದೆ. ಮೋಟಾರನ್ನು ಅದರ ಅಕ್ಷದ ಮೇಲೇ ತೂಗುವಂತೆ ಎರಡು ಬೇರಿಂಗಿನ ತೊಟ್ಟಿಲಲ್ಲಿ ಕೂರಿಸಿ. ಬದಿಗೆ 250 ಮಿ.ಮೀ. ತೋಳು ಕೊಟ್ಟು, ಅದರ ತುದಿ ಲೋಡ್ ಸೆಲ್ಲನ್ನು (ಒತ್ತನ್ನು ಅಳೆಯುವ ವಿದ್ಯುತ್ ತಕ್ಕಡಿ) ಒತ್ತುವಂತೆ ಮಾಡಿ. ನಿಮ್ಮ ಬಿಂದುವಿನಲ್ಲಿ ನೀರಿಗೆ ಸೇರುವ ಶಕ್ತಿ 5 × 20 × 9.81 = 981 ವ್ಯಾಟ್. ದಕ್ಷತೆ ಶೇ. 60 ಎಂದರೆ ಶಾಫ್ಟಿನಲ್ಲಿ 1,635 ವ್ಯಾಟ್, ಟಾರ್ಕ್ 5.4 ನ್ಯೂಟನ್ ಮೀಟರ್, ತೋಳಿನ ತುದಿಯಲ್ಲಿ ಸುಮಾರು 2.2 ಕಿಲೋ ಒತ್ತು. 5 ಕಿಲೋದ ಲೋಡ್ ಸೆಲ್ ಸರಿಹೋಗುತ್ತದೆ. ತೋಳಿಗೆ ಅರ್ಧ ಅರ್ಧ ಕಿಲೋ ಏರಿಸುತ್ತ 2.5ರವರೆಗೆ ಹೋಗಿ, ಹಾಗೆಯೇ ಇಳಿಸಿ. ಏರುವಾಗ ಮತ್ತು ಇಳಿಯುವಾಗ ಓದು ಬೇರೆ ಬಂದರೆ ತೊಟ್ಟಿಲಿನ ಬೇರಿಂಗು ಹಿಡಿಯುತ್ತಿದೆ ಎಂದರ್ಥ. ಮೋಟಾರಿನ ಕೇಬಲ್ ಬದಿಗೆ ಜೋತುಬಿದ್ದಿದ್ದರೆ ಅದೂ ತಿರುಚುತ್ತದೆ, ಅಕ್ಷದ ನೇರಕ್ಕೆ ಸಡಿಲವಾಗಿ ತನ್ನಿ.

ಸುತ್ತಿನ ವೇಗವನ್ನು ಪ್ರತಿ ಬಿಂದುವಿನಲ್ಲೂ ಅಳೆಯಿರಿ. ಇಂಡಕ್ಷನ್ ಮೋಟಾರು ಹೊರೆ ಬಿದ್ದಂತೆ ಜಾರುತ್ತದೆ. ಹರಿವು ವೇಗಕ್ಕೆ ತಕ್ಕಂತೆ, ಹೆಡ್ ಅದರ ವರ್ಗಕ್ಕೆ, ಶಕ್ತಿ ಘನಕ್ಕೆ ತಕ್ಕಂತೆ ಬದಲಾಗುತ್ತವೆ. 2,900ರ ಬದಲು 2,860 ಇದ್ದರೆ ಹೆಡ್ಡಿನಲ್ಲಿ ಶೇ. 2.8, ಶಕ್ತಿಯಲ್ಲಿ ಶೇ. 4ಕ್ಕೂ ಮೀರಿ ವ್ಯತ್ಯಾಸ ಬರುತ್ತದೆ.

ಇಷ್ಟೆಲ್ಲ ಮಾಡಿ ಹರಿವಿನಲ್ಲಿ ಶೇ. 0.5, ಹೆಡ್ಡಿನಲ್ಲಿ 0.6, ಶಕ್ತಿಯಲ್ಲಿ 0.8 ದೋಷಕ್ಕೆ ಬಂದರೆ ದಕ್ಷತೆಯಲ್ಲಿ ಒಟ್ಟು ಸುಮಾರು ಶೇ. 1.1. ಆದರೆ ನಿಮಗೆ ಬೇಕಿರುವುದು ಹೋಲಿಕೆ. ಅದೇ ಉಪಕರಣಗಳು ಎರಡೂ ಕಡೆ ಒಂದೇ ರೀತಿ ತಪ್ಪಿದರೆ ಆ ತಪ್ಪಿನ ಬಹುಪಾಲು ಹೋಲಿಕೆಯಲ್ಲಿ ಕಳೆದುಹೋಗುತ್ತದೆ. ಉಳಿಯುವುದು ದಿನದಿಂದ ದಿನಕ್ಕೆ, ಜೋಡಣೆಯಿಂದ ಜೋಡಣೆಗೆ ಬರುವ ಏರಿಳಿತ. ಅದನ್ನು ತಿಳಿಯಲು ಹಳೆಯದು, ಹೊಸದು ಒಂದು, ಹಳೆಯದು, ಹೊಸದು ಎರಡು, ಹಳೆಯದು, ಹೊಸದು ಮೂರು, ಮತ್ತೆ ಹಳೆಯದು ಎಂಬ ಸರದಿಯಲ್ಲಿ ಓಡಿಸಿ. ಹಳೆಯದರ ನಾಲ್ಕು ಓದುಗಳು ತಮ್ಮತಮ್ಮಲ್ಲೇ ಶೇ. 2 ಚದುರಿದರೆ ಹೊಸದರ ಬಗ್ಗೆ ಇನ್ನೂ ಮಾತಾಡುವ ಹಾಗಿಲ್ಲ.

ಒರತೆ:

ಮೇಲಿನದಕ್ಕೆ ತೊಟ್ಟಿಯ ಮಾತು ಸೇರಿಸುತ್ತೇನೆ. 500 ಲೀಟರನ್ನೇ ಮುಖ್ಯ ತೊಟ್ಟಿಯಾಗಿ ಸುತ್ತಿಸಿದರೆ ಶಾಫ್ಟಿನ 1,635 ವ್ಯಾಟ್ ಕೊನೆಗೆ ಎಲ್ಲಿಗೆ ಹೋಗುತ್ತದೆ ನೋಡಿ. ಪೈಪು, ವಾಲ್ವು, ಸುಳಿ ಎಲ್ಲ ದಾಟಿ ಪೂರ್ತಿ ನೀರಿನ ಬಿಸಿಯಾಗುತ್ತದೆ. ಸುಮಾರು 21 ನಿಮಿಷಕ್ಕೆ ಒಂದು ಡಿಗ್ರಿ. ಐದು ಗಂಟೆ ಓಡಿಸಿದರೆ 14 ಡಿಗ್ರಿ. ಬೆಳಿಗ್ಗೆ 27 ಇದ್ದದ್ದು ಸಂಜೆಗೆ 41. ನೀರಿನ ಆವಿಯ ಒತ್ತಡ 0.36 ಮೀಟರಿನಿಂದ 0.80 ಮೀಟರಿಗೆ ಏರುತ್ತದೆ, ಅಷ್ಟೂ ಪಂಪಿನ ಬಾಯಿಯಲ್ಲಿ ಉಳಿದಿರುವ ಒತ್ತಡದಿಂದ ಕಳೆಯಬೇಕು. ಬೆಳಿಗ್ಗೆ ಸದ್ದಿಲ್ಲದೆ ಓಡಿದ ಪಂಪು ಸಂಜೆ ಕಲ್ಲು ಉರುಳಿಸಿದ ಹಾಗೆ ಸದ್ದು ಮಾಡಿದರೆ ಇಂಪೆಲ್ಲರನ್ನು ಬೈಯಬೇಡಿ, ಥರ್ಮಾಮೀಟರು ನೋಡಿ. 2,000 ಲೀಟರಿನ ತೊಟ್ಟಿಯಲ್ಲಿ ಒಂದು ಡಿಗ್ರಿ ಏರಲು ಸುಮಾರು 85 ನಿಮಿಷ ಬೇಕು. ಅಷ್ಟು ಇರಲಿ.

ದೊಡ್ಡ ತೊಟ್ಟಿಯ ಇನ್ನೊಂದು ಲಾಭ ಗಾಳಿಯದ್ದು. ವಾಪಸು ಬರುವ ನೀರು ಎಳೆತರುವ ಗುಳ್ಳೆಗಳು ಮೇಲೆದ್ದು ಹೋಗಲು ಸಮಯ ಬೇಕು. 500 ಲೀಟರಿನಲ್ಲಿ ನೀರು 100 ಸೆಕೆಂಡಿಗೊಮ್ಮೆ ಸುತ್ತು ಮುಗಿಸುತ್ತದೆ, 2,000ದಲ್ಲಿ ಆರು ನಿಮಿಷಕ್ಕೂ ಹೆಚ್ಚು ಸಿಗುತ್ತದೆ. ತೂಗಲು ಧಾರೆ ಗಾಳಿಯಲ್ಲಿ ಬೀಳಲೇಬೇಕು. ಆದರೆ ತೂಬಿನಿಂದ ಮುಖ್ಯ ತೊಟ್ಟಿಗೆ ಇಳಿಯುವ ಪೈಪಿನ ಬಾಯಿ ನೀರಿನ ಮಟ್ಟದ ಕೆಳಗಿರಲಿ. ತೊಟ್ಟಿಯ ನಡುವೆ ತೂತುಗಳಿರುವ ಅಡ್ಡಹಲಗೆ ನಿಲ್ಲಿಸಿ. ಸಕ್ಷನ್ ಆ ಬದಿ, ವಾಪಸು ಈ ಬದಿ. ಸಕ್ಷನ್ ಬಾಯಿ ಬರಿಯ 65 ಮಿ.ಮೀ. ಪೈಪಾದರೆ ಅದರ ಮೇಲೆ 35 ಸೆಂ.ಮೀ. ನೀರು ನಿಂತಿರಬೇಕು, ಇಲ್ಲದಿದ್ದರೆ ಸುಳಿಯ ಬಾಲ ಹಿಡಿದು ಗಾಳಿ ಒಳಗೆ ಇಳಿಯುತ್ತದೆ. 100 ಮಿ.ಮೀ. ಗಂಟೆಯಾಕಾರದ ಬಾಯಿ ಕೊಟ್ಟರೆ 25 ಸೆಂ.ಮೀ. ಸಾಕು. ತೂಕದ ತೊಟ್ಟಿ ತುಂಬಿ ಮುಖ್ಯ ತೊಟ್ಟಿ ಇಳಿದಾಗಲೂ ಇಷ್ಟು ಉಳಿಯುವಂತೆ ಲೆಕ್ಕ ಹಾಕಿ. ಸಾಧ್ಯವಾದರೆ ಪಂಪಿಗೆ ಮುಂಚೆ ಒಂದಡಿ ಪಾರದರ್ಶಕ ಪೈಪು ಹಾಕಿ, ದೀಪ ಹಿಡಿದು ನೋಡಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ.

ಹರಿವನ್ನು ಬದಲಿಸುವ ವಾಲ್ವು ಡೆಲಿವರಿ ಬದಿಯಲ್ಲೇ ಇರಲಿ. ಸಕ್ಷನ್ನಿನಲ್ಲಿ ಬಾಗು ಇಲ್ಲದ ನೇರ ಪೈಪು ಕನಿಷ್ಠ 7 ವ್ಯಾಸ, ಅಂದರೆ 45 ಸೆಂ.ಮೀ. ಇರಬೇಕು. ಪಂಪಿನ ಬಾಯಿಗೇ ಎಲ್ಬೋ ಹಚ್ಚಿದರೆ ನೀರು ಓರೆಯಾಗಿ ನುಗ್ಗುತ್ತದೆ.

ವಾಲ್ವು ಪೂರ್ತಿ ಮುಚ್ಚಿದ ಬಿಂದುವನ್ನು ಚಟಪಟ ಮುಗಿಸಿ. ಆಗ 700 ವ್ಯಾಟ್ ಹೋಗುತ್ತಿದೆ, ಕೇಸಿಂಗಿನಲ್ಲಿ ಒಂದೂವರೆ ಲೀಟರ್ ನೀರಿದೆ ಎಂದುಕೊಂಡರೆ ನಿಮಿಷಕ್ಕೆ 6ರಿಂದ 7 ಡಿಗ್ರಿ ಏರುತ್ತದೆ. ನೈಲಾನ್ ಇಂಪೆಲ್ಲರಿಗೂ ಸೀಲಿಗೂ ಅದು ಒಳ್ಳೆಯದಲ್ಲ.

ಸುಳಿನೀರು:

ಇಬ್ಬರಿಗೂ ಧನ್ಯವಾದ. ಹಳೆಯ ವಿನ್ಯಾಸದ ಪ್ರಿಂಟ್, ತೊಟ್ಟಿಲು, ತೂಕದ ತೊಟ್ಟಿ ಎಲ್ಲ ಆಗಿದೆ. ಮುಖ್ಯ ತೊಟ್ಟಿ ಮಾತ್ರ ಸದ್ಯಕ್ಕೆ ಇನ್ನೊಂದು 500 ಲೀಟರಿನದೇ, ತೂಗುವಾಗ 200ರ ಡ್ರಮ್ಮು ಬಳಸಿದ್ದು. ಸರದಿ ಓಟದಲ್ಲಿ ಹಳೆಯ ವಿನ್ಯಾಸದ ಅತ್ಯುತ್ತಮ ದಕ್ಷತೆ ಕ್ರಮವಾಗಿ 61.2, 60.7, 60.1, 59.4. ನೀರು 27ರಿಂದ 41ಕ್ಕೆ ಏರಿತು. ಹೆಡ್ ಮತ್ತು ಹರಿವಿನಲ್ಲಿ ಹೇಳಿಕೊಳ್ಳುವ ಬದಲಾವಣೆ ಇಲ್ಲ. ಇಳಿಕೆಗೆ ನೀರಿನ ಬಿಸಿಯೇ ಕಾರಣವೇ?

ಅಳತೆಗೋಲು:

ಅಲ್ಲ. ನೀರು ಬಿಸಿಯಾದರೆ ಸ್ನಿಗ್ಧತೆ ಇಳಿದು ದಕ್ಷತೆ ಕೂದಲೆಳೆಯಷ್ಟು ಏರಬೇಕೇ ಹೊರತು ಇಳಿಯಬಾರದು. ಗಾಳಿಯೋ ಕ್ಯಾವಿಟೇಶನ್ನೋ (ಒತ್ತಡ ಇಳಿದು ನೀರು ಆವಿಯ ಗುಳ್ಳೆಯಾಗಿ ಒಡೆಯುವುದು) ಆಗಿದ್ದರೆ ಹೆಡ್ ಕುಸಿಯುತ್ತಿತ್ತು. ಸಂದು ಸವೆದಿದ್ದರೂ ಹೆಡ್ಡಿನಲ್ಲೋ ಹರಿವಿನಲ್ಲೋ ಗುರುತು ಸಿಗುತ್ತಿತ್ತು. ಅವೆರಡೂ ಕದಲದೆ ದಕ್ಷತೆ ಮಾತ್ರ ಇಳಿದಿದೆ ಎಂದರೆ ಟಾರ್ಕಿನ ಓದು ಏರಿದೆ. ಮೋಟಾರು ನಿಲ್ಲಿಸಿ, ತೋಳಿನ ಮೇಲೆ ಏನೂ ಇಲ್ಲದಾಗ ಲೋಡ್ ಸೆಲ್ ಎಷ್ಟು ತೋರಿಸುತ್ತದೆ, ಹೇಳಿ.

ಸುಳಿನೀರು:

65 ಗ್ರಾಂ. ಬೆಳಿಗ್ಗೆ ಸೊನ್ನೆ ಇತ್ತು.

ಅಳತೆಗೋಲು:

ಸಿಕ್ಕಿತು. 2.2 ಕಿಲೋದ ಓದಿನಲ್ಲಿ 65 ಗ್ರಾಂ ಎಂದರೆ ಸುಮಾರು ಶೇ. 3. 61.2ನ್ನು 1.03ರಿಂದ ಭಾಗಿಸಿದರೆ 59.4 ಬರುತ್ತದೆ. ಇಳಿಕೆಯೆಲ್ಲ ಅದರದ್ದೇ. ಮೋಟಾರಿನ ಕಾವು ಲೋಡ್ ಸೆಲ್ಲಿನ ಒಂದು ಮಗ್ಗುಲನ್ನು ಬಿಸಿಮಾಡುತ್ತಿದೆ. ನಡುವೆ ತಗಡಿನ ಮರೆ ಕಟ್ಟಿ, ಮೋಟಾರಿನ ಫ್ಯಾನಿನ ಗಾಳಿ ಸೆಲ್ಲಿನ ಕಡೆ ಬೀಸದಂತೆ ತಿರುಗಿಸಿ, ಒಂದು ಗಂಟೆ ಓಡಿಸಿ ಕಾವು ನಿಂತ ಮೇಲೆ ಅಳತೆ ಶುರು ಮಾಡಿ. ಪ್ರತಿ ಓಟದ ಮುಂಚೆ ಮತ್ತು ಆಮೇಲೆ ಸೊನ್ನೆ ಓದಿ ಬರೆಯಿರಿ. ಸೊನ್ನೆ 10 ಗ್ರಾಂಗಿಂತ ಹೆಚ್ಚು ಸರಿದಿದ್ದರೆ ಆ ಓಟವನ್ನೇ ಕೈಬಿಡಿ. ಹಳೆಯದನ್ನು ನಾಲ್ಕು ಬಾರಿ ಓಡಿಸದೆ ಬೆಳಿಗ್ಗೆ ಹೊಸದು, ಸಂಜೆ ಹಳೆಯದು ಎಂದು ಮಾಡಿದ್ದರೆ ಹೊಸದು ಶೇ. 3 ಗೆದ್ದಿದೆ ಎಂದೇ ಕಾಣುತ್ತಿತ್ತು, ಅದೂ ನಿಮ್ಮ ಲೆಕ್ಕಕ್ಕೆ ಸರಿಯಾಗಿ ಹೊಂದಿಕೊಂಡು.

ನಕಾಶೆ:

ಅಳತೆ ಇಳಿಸಿದ ಮಾದರಿಯ ಪ್ರಶ್ನೆಗೆ. 130 ಮಿ.ಮೀ. ಇಂಪೆಲ್ಲರಿಗೆ ಮಾದರಿ ಬೇಡವೇ ಬೇಡ, ನಿಜ ಅಳತೆಯದ್ದನ್ನೇ ಪರೀಕ್ಷಿಸಿ. ಅರ್ಧ ಅಳತೆಗೆ ಇಳಿಸಿ ತುದಿಯ ವೇಗ ಅಷ್ಟೇ ಇರಿಸಲು 5,800 ಸುತ್ತು ಬೇಕು. ಹೆಡ್ ಅದೇ ಬರುತ್ತದೆ, ಹರಿವು ನಾಲ್ಕನೇ ಒಂದು. ಆದರೆ ವೇರ್ ರಿಂಗಿನ ಸಂದನ್ನು ಅರ್ಧಕ್ಕೆ ಇಳಿಸಲು ಆಗುವುದಿಲ್ಲ, ಪ್ರಿಂಟಿನ ಗೆರೆಯೂ ಅರ್ಧವಾಗುವುದಿಲ್ಲ, ರೆನಾಲ್ಡ್ಸ್ ಸಂಖ್ಯೆ (ವೇಗ ಮತ್ತು ಅಳತೆಗೆ ಎದುರಾಗಿ ಸ್ನಿಗ್ಧತೆಯ ಪ್ರಭಾವ ಎಷ್ಟು ಎಂದು ತೋರಿಸುವ ಅಂಕಿ) ಅರ್ಧಕ್ಕೆ ಇಳಿಯುತ್ತದೆ. ಮೂರೂ ಸೇರಿ ಚಿಕ್ಕದರ ದಕ್ಷತೆಯನ್ನು ತಗ್ಗಿಸುತ್ತವೆ. ಇದನ್ನೇ ತಿರುವಿ ನೋಡಿದರೆ ನಿಮ್ಮ ಮುಂದಿನ ಯೋಚನೆಗೆ ಉತ್ತರ: ಈಗಿನದೇ ದೊಡ್ಡ ಪಂಪಿನ ಮಾದರಿ, ದೊಡ್ಡದು ಸಾಮಾನ್ಯವಾಗಿ ಇದಕ್ಕಿಂತ ತುಸು ಚೆನ್ನಾಗಿಯೇ ಓಡುತ್ತದೆ. ಎಷ್ಟು ಎನ್ನುವುದು ಸಂದು ಮತ್ತು ಒರಟುತನವನ್ನು ಎಷ್ಟು ಹಿಡಿತದಲ್ಲಿ ಇಡುತ್ತೀರಿ ಎಂಬುದರ ಮೇಲಿದೆ.

ಈ ತೊಡಕು ಹೊಸದಲ್ಲ. ಇಂಗ್ಲೆಂಡಿನ ಎಂಜಿನಿಯರ್ ಜಾನ್ ಸ್ಮೀಟನ್ 1759ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟ ನೀರಿನ ಚಕ್ರದ ಪ್ರಯೋಗಗಳು ಎರಡಡಿ ವ್ಯಾಸದ ಮಾದರಿಯ ಮೇಲೆ ನಡೆದವು. ಮಾದರಿ ಯಾವ ಯಾವ ವಿಷಯದಲ್ಲಿ ದೊಡ್ಡ ಯಂತ್ರಕ್ಕಿಂತ ಬೇರೆ ಎಂದು ಬಿಡಿಸಿ ನೋಡದಿದ್ದರೆ ಅದು ಸತ್ಯದಿಂದ ದೂರಕ್ಕೇ ಒಯ್ಯುತ್ತದೆ ಎಂದು ಅವನು ಅಲ್ಲೇ ಎಚ್ಚರಿಸಿದ್ದ. ಚಕ್ರದ ಉಜ್ಜಾಟವನ್ನು ತೂಕದ ಕಲ್ಲುಗಳಿಂದ ಪ್ರತ್ಯೇಕವಾಗಿ ಅಳೆದು ಲೆಕ್ಕಕ್ಕೆ ಹಿಡಿದಿದ್ದ, ಲೋಡ್ ಸೆಲ್ಲಿನ ಸೊನ್ನೆ ಓದುವುದು ಅದರದ್ದೇ ಇಂದಿನ ರೂಪ. ಕೆಳಗಿನಿಂದ ನೀರು ತಳ್ಳುವ ಚಕ್ರಕ್ಕಿಂತ ಮೇಲಿನಿಂದ ನೀರು ಬೀಳುವ ಚಕ್ರದ ದಕ್ಷತೆ ಸುಮಾರು ಎರಡು ಪಟ್ಟು ಎಂಬುದು ಆ ಪುಟ್ಟ ಮಾದರಿಯಿಂದಲೇ ಖಚಿತವಾದದ್ದು.

ಅದೇ ಪ್ರಬಂಧದಲ್ಲಿ ಗಾಳಿಯ ಒತ್ತಡದ ಒಂದು ಕೋಷ್ಟಕವೂ ಇತ್ತು. ಅದರಿಂದ ಬಂದ, ಗಾಳಿಯ ವೇಗದಿಂದ ಒತ್ತಡ ಲೆಕ್ಕಹಾಕುವ 0.005 ಎಂಬ ಗುಣಾಂಕ ಸ್ಮೀಟನ್ನನ ಹೆಸರಲ್ಲೇ ಒಂದು ಶತಮಾನಕ್ಕೂ ಮೀರಿ ಬಳಕೆಯಲ್ಲಿತ್ತು. ರೈಟ್ ಸಹೋದರರ ಗ್ಲೈಡರು ಲೆಕ್ಕದಷ್ಟು ಮೇಲೆತ್ತದಿದ್ದಾಗ ಅವರು ಆ ಅಂಕಿಯನ್ನೇ ಅನುಮಾನಿಸಿ, ಸುಮಾರು 0.0033 ಸರಿ ಎಂದು ಕಂಡುಕೊಂಡರು. 1901ರಲ್ಲಿ ಆರಡಿ ಉದ್ದದ, ಹದಿನಾರು ಇಂಚು ಚೌಕದ ಮರದ ಪೆಟ್ಟಿಗೆಗೆ ಫ್ಯಾನು ಹಚ್ಚಿ ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ಅವರ ತಕ್ಕಡಿಯ ಜಾಣತನ ಇಲ್ಲಿ ಕಲಿಯುವಂಥದ್ದು: ರೆಕ್ಕೆಯನ್ನು ಅದೇ ಗಾಳಿಯಲ್ಲಿ ನಿಂತ ಚಪ್ಪಟೆ ಪಟ್ಟಿಗಳ ಎದುರು ತೂಗಿದರು. ಗಾಳಿಯ ವೇಗ ಚೂರು ಏರಿಳಿದರೂ ಎರಡೂ ಒಟ್ಟಿಗೇ ಏರಿಳಿಯುತ್ತವೆ, ಹೋಲಿಕೆ ಕೆಡುವುದಿಲ್ಲ. ಅಳತೆಗೋಲು ಅವರು ಹೇಳಿದ ಸರದಿ ಓಟದ ಹಿಂದಿರುವುದೂ ಇದೇ ತರ್ಕ.

ಹಡಗಿನ ವಿಷಯದಲ್ಲಿ ಎಂಜಿನಿಯರ್ ವಿಲಿಯಂ ಫ್ರೌಡ್ 1870ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ಮಾದರಿಗಳನ್ನು ಎಳೆಯುವ ಉದ್ದನೆಯ ತೊಟ್ಟಿ ಕಟ್ಟಿದ. ಅಲೆಯ ವಿನ್ಯಾಸ ಹೊಂದಬೇಕಾದರೆ ವೇಗವನ್ನು ಉದ್ದದ ವರ್ಗಮೂಲದಂತೆ ಇಳಿಸಬೇಕು: 25ರಲ್ಲಿ ಒಂದರ ಮಾದರಿಗೆ ಐದನೇ ಒಂದು ವೇಗ. ಆದರೆ ಆಗ ಮೈಯ ಉಜ್ಜಾಟ ಹೊಂದುವುದಿಲ್ಲ. ನೀರನ್ನೇ ಬಳಸಿ ಎರಡನ್ನೂ ಒಟ್ಟಿಗೆ ಹೊಂದಿಸಲು ಆಗುವುದಿಲ್ಲವೆಂದು ಅವನು ಉಜ್ಜಾಟವನ್ನು ಹಲಗೆಗಳನ್ನು ಎಳೆದು ಬೇರೆಯಾಗಿ ಅಳೆದು ಲೆಕ್ಕದಿಂದ ಸೇರಿಸಿದ. ವಿಮಾನದವರು ಇನ್ನೊಂದು ದಾರಿ ಹಿಡಿದರು. 1920ರ ದಶಕದಲ್ಲಿ ಅಮೆರಿಕದ ಲ್ಯಾಂಗ್ಲಿಯಲ್ಲಿ ಗಾಳಿಯನ್ನೇ 20 ವಾಯುಭಾರಕ್ಕೆ ಒತ್ತಿ ಸುರಂಗದೊಳಗೆ ಸುತ್ತಿಸಿದರು, ಚಿಕ್ಕ ಮಾದರಿಯಲ್ಲೂ ನಿಜ ವಿಮಾನದ ರೆನಾಲ್ಡ್ಸ್ ಸಂಖ್ಯೆ ಬರಲೆಂದು.

ಬಳಲಿಕೆ:

ಎಷ್ಟು ಗಂಟೆ ಓಡಿಸಬೇಕು ಎಂದು ಕೇಳಿದ್ದೀರಿ. ಗಂಟೆಗಿಂತ ಮುಖ್ಯ, ಯಾವ ತುಂಡನ್ನು ಯಾವ ಕ್ರಮದಲ್ಲಿ ಪರೀಕ್ಷಿಸುತ್ತೀರಿ ಎನ್ನುವುದು. ಬ್ರಿಟನ್ನಿನ ಮೊದಲ ಜೆಟ್ ಪ್ರಯಾಣಿಕ ವಿಮಾನ ಕಾಮೆಟ್‌ನ ಕಥೆ ಇದಕ್ಕೆ ಎಲ್ಲಕ್ಕಿಂತ ಕಠೋರ ಪಾಠ. ವಿನ್ಯಾಸದ ಹಂತದಲ್ಲಿ ಕ್ಯಾಬಿನ್ನಿನ ಒಂದು ಭಾಗಕ್ಕೆ ಒತ್ತಡವನ್ನು ಏರಿಸಿ ಇಳಿಸಿ 16,000ಕ್ಕೂ ಹೆಚ್ಚು ಸುತ್ತು ಕೊಟ್ಟರು, ತಾಳಿತು. ಆದರೆ ಅದೇ ಭಾಗ ಅದಕ್ಕೆ ಮುಂಚೆ ಬಲದ ಪರೀಕ್ಷೆಗೆಂದು ಕೆಲಸದ ಒತ್ತಡಕ್ಕಿಂತ ಬಹಳ ಹೆಚ್ಚಿನ ಒತ್ತಡವನ್ನು ಕಂಡಿತ್ತು. ಆ ಒತ್ತಡದಲ್ಲಿ ಕಿಟಕಿಯ ಮೂಲೆಗಳ ಲೋಹ ತುಸು ಹಿಗ್ಗಿ, ಒತ್ತಡ ಇಳಿದಾಗ ಒಳಗೆ ಅದುಮಿದ ಸ್ಥಿತಿ ಉಳಿದು, ದಣಿವಿನ ಬಿರುಕು ಮೂಡುವುದನ್ನೇ ತಡೆಯಿತು. ಪ್ರಯಾಣಿಕರನ್ನು ಹೊತ್ತ ವಿಮಾನಗಳಿಗೆ ಅಷ್ಟು ಒತ್ತಡ ಕೊಟ್ಟಿರಲಿಲ್ಲ. 1954ರಲ್ಲಿ ಒಂದು 1,290 ಹಾರಾಟಕ್ಕೆ, ಇನ್ನೊಂದು 900 ಹಾರಾಟಕ್ಕೆ ಆಕಾಶದಲ್ಲೇ ಒಡೆದವು. ಆಮೇಲೆ ಫಾರ್ನ್‌ಬರೋದಲ್ಲಿ ಇಡೀ ವಿಮಾನವೊಂದನ್ನು ನೀರಿನ ತೊಟ್ಟಿಯಲ್ಲಿಟ್ಟು ಒತ್ತಡ ಏರಿಳಿಸಿದಾಗ, ಮುಂಚಿನ ಹಾರಾಟಗಳೂ ಸೇರಿ 3,057ನೇ ಸುತ್ತಿಗೆ ಕ್ಯಾಬಿನ್ ಸೀಳಿತು.

ನಿಮ್ಮ ಕೆಲಸಕ್ಕೆ ಇದರಿಂದ ಎರಡು ವಿಷಯ. ಮೊದಲನೆಯದು, ಹೆಚ್ಚಿನ ವೇಗಕ್ಕೆ ಓಡಿಸಿ ನೋಡಿದ ಇಂಪೆಲ್ಲರನ್ನು ಬಾಳಿಕೆಯ ಪರೀಕ್ಷೆಗೆ ಬಳಸಬೇಡಿ. ಬಾಳಿಕೆಗೆ ಹೊಸದು ತೆಗೆದುಕೊಳ್ಳಿ, ಮಾರುವ ವಸ್ತು ಯಾವ ಸ್ಥಿತಿಯಲ್ಲಿ ಹೋಗುತ್ತದೋ ಅದೇ ಸ್ಥಿತಿಯದ್ದು. ಎರಡನೆಯದು, ಕೇಸಿಂಗಿನ ಒತ್ತಡದ ಪರೀಕ್ಷೆಯನ್ನು ನೀರಿನಿಂದಲೇ ಮಾಡಿ. ಫಾರ್ನ್‌ಬರೋದಲ್ಲಿ ನೀರು ಆರಿಸಿಕೊಂಡ ಕಾರಣವೂ ಇದೇ: ಒತ್ತಿದರೂ ನೀರು ಹೆಚ್ಚು ಕುಗ್ಗುವುದಿಲ್ಲ, ಒಡೆದರೆ ಸಿಡಿಯದೆ ಸೋರುತ್ತದೆ, ಬಿರುಕು ಎಲ್ಲಿ ಶುರುವಾಯಿತೆಂದು ನೋಡಲು ತುಂಡುಗಳು ಉಳಿಯುತ್ತವೆ. ಕಂಪ್ರೆಸರಿನ ಗಾಳಿ ತುಂಬಿದ ಕೇಸಿಂಗು ಒಡೆದರೆ ಅದು ಸಿಡಿಗುಂಡು. ದಯವಿಟ್ಟು ಗಾಳಿಯಿಂದ ಪರೀಕ್ಷಿಸಬೇಡಿ.

ಎಡೆಬಿಡದ ಓಟದಲ್ಲಿ ನೈಲಾನ್ ಇಂಪೆಲ್ಲರ್ ಕೆಡುವುದು ಕಡಿಮೆ. ಕೆಡಿಸುವುದು ಶುರುಮಾಡಿ ನಿಲ್ಲಿಸುವುದು. ಪ್ರತಿ ಸಲ ಮೋಟಾರು ಹೊರಟಾಗ ಕೀ (ಇಂಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಲೋಹದ ತುಂಡು) ತಾನು ಕೂತ ತೋಡಿನ ಅಂಚನ್ನು ಗುದ್ದುತ್ತದೆ, ನೈಲಾನ್ ನಿಧಾನಕ್ಕೆ ಜಗ್ಗಿ ಆ ತೋಡು ಅಗಲವಾಗುತ್ತದೆ. ನಡುವೆ ಹಿತ್ತಾಳೆಯ ಬುಷ್ ಕೂರಿಸಿ. ಬಾಳಿಕೆಯ ಓಟವನ್ನು ಟೈಮರಿನಿಂದ 10 ನಿಮಿಷ ಓಟ, 5 ನಿಮಿಷ ನಿಲುಗಡೆಯಂತೆ ಇಟ್ಟರೆ ದಿನಕ್ಕೆ 96 ಸಲ ಆಗುತ್ತದೆ. ಪ್ರತಿ ಸಾವಿರಕ್ಕೆ ಬಿಚ್ಚಿ ಕೀ ತೋಡನ್ನೂ ವೇರ್ ರಿಂಗಿನ ಸಂದನ್ನೂ ಅಳೆಯಿರಿ.

ಒಂದು ತುಂಡು ತಾಳಿತೆಂದು ಎಲ್ಲವೂ ತಾಳುತ್ತವೆ ಎನ್ನಬೇಡಿ. ನೂರರಲ್ಲಿ 90 ತಾಳುತ್ತವೆ ಎಂದು ಶೇ. 90 ಭರವಸೆಯಿಂದ ಹೇಳಬೇಕಾದರೆ ಒಂದೂ ಕೆಡದೆ 22 ತುಂಡು ಪಾಸಾಗಬೇಕು. 95 ಎನ್ನಲು 45, 99 ಎನ್ನಲು 230. ಅಷ್ಟು ತುಂಡು ಸಿಗದಿದ್ದರೆ ಇರುವ ಎರಡು ಮೂರನ್ನು ಕೆಡುವವರೆಗೂ ಓಡಿಸಿ. ಪಾಸಾದ ತುಂಡಿಗಿಂತ ಮುರಿದ ತುಂಡು ಹೆಚ್ಚು ಹೇಳುತ್ತದೆ.

ಒರತೆ:

ನೇರವಾಗಿ ಬಳಸುವವರಿಗೆ ಕೊಡುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ರಿಗ್ಗು ಬಿಟ್ಟು ಹೋಗಬೇಡಿ, ಆದರೆ ರಿಗ್ಗಿನಲ್ಲೇ ನಿಲ್ಲಲೂಬೇಡಿ. ಹೊಸ ತಂತ್ರಜ್ಞಾನ ಬಳಕೆಗೆ ಎಷ್ಟು ಸಿದ್ಧ ಎಂದು ನೋಡುವ ನಾಸಾದ ಒಂಬತ್ತು ಮೆಟ್ಟಿಲಿನ ಅಳತೆಯಲ್ಲಿ ಪ್ರಯೋಗಾಲಯ, ನಿಜಕ್ಕೆ ಹತ್ತಿರದ ಪರಿಸರ, ನಿಜವಾದ ಕೆಲಸದ ಜಾಗ ಮೂರನ್ನೂ ಬೇರೆ ಬೇರೆ ಮೆಟ್ಟಿಲಾಗಿ ಇಟ್ಟಿರುವುದು ಸುಮ್ಮನೆ ಅಲ್ಲ.

ಬೆಂಚಿನಲ್ಲಿ ಗೆದ್ದ ಪಂಪು ಹೊರಗೆ ಸೋಲುವುದು ಬಹುಪಾಲು ಸಕ್ಷನ್ನಿನಲ್ಲಿ. ನಿಮ್ಮ ರಿಗ್ಗಿನಲ್ಲಿ ನೀರು ಪಂಪಿಗೆ ತಾನಾಗಿ ಬರುತ್ತದೆ. ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದ ಜಾಗದಲ್ಲಿ, ನೀರು 6 ಮೀಟರ್ ಕೆಳಗಿದೆ ಎಂದುಕೊಳ್ಳಿ. ವಾಯುಭಾರ 10.33 ಮೀಟರಿನ ಬದಲು 9.28. ಅದರಲ್ಲಿ ಆವಿಯ ಒತ್ತಡ 0.43, ಏರಿಕೆ 6, ಫುಟ್ ವಾಲ್ವು ಮತ್ತು ಪೈಪಿನ ಉಜ್ಜಾಟ 0.8 ಕಳೆದರೆ ಉಳಿದದ್ದು 2.05 ಮೀಟರ್. ಪಂಪಿಗೆ 2.5 ಬೇಕಿದ್ದರೆ ಅಲ್ಲಿ ಅದು ಕೆಲಸ ಮಾಡುವುದಿಲ್ಲ, ನಿಮ್ಮ ಶೇ. 3ರ ಸುಧಾರಣೆ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಹೊರಗೆ ಕಳಿಸುವ ಮುಂಚೆ ರಿಗ್ಗಿನಲ್ಲೇ ಎನ್‌ಪಿಎಸ್‌ಎಚ್ (ಆವಿಯ ಒತ್ತಡ ಕಳೆದು ಪಂಪಿನ ಬಾಯಿಯಲ್ಲಿ ಉಳಿಯಬೇಕಾದ ಹೆಡ್) ಪರೀಕ್ಷೆ ಮಾಡಿ. ಈ ಒಂದು ಪರೀಕ್ಷೆಗೆ ಮಾತ್ರ ಸಕ್ಷನ್ ಬದಿಯಲ್ಲೂ ವಾಲ್ವು ಬೇಕು, ಪಂಪಿನಿಂದ ದೂರದಲ್ಲಿ. ಹರಿವನ್ನು ಒಂದೇ ಮಟ್ಟದಲ್ಲಿ ಹಿಡಿದು ಸಕ್ಷನ್ ಒತ್ತಡವನ್ನು ಹಂತಹಂತವಾಗಿ ಇಳಿಸುತ್ತ ಹೋಗಿ. ಹೆಡ್ ಶೇ. 3 ಕುಸಿದ ಬಿಂದುವೇ ನಿಮ್ಮ ಅಂಕಿ. ಹೊಸ ಬ್ಲೇಡು ದಕ್ಷತೆಯಲ್ಲಿ ಗೆದ್ದು ಇದರಲ್ಲಿ ಸೋಲುವುದುಂಟು.

ಹೊರಗೆ ಕಳಿಸುವಾಗ ಹಳೆಯದು ಹೊಸದು ಎರಡನ್ನೂ ಕಳಿಸಿ, ಯಾವುದು ಯಾವುದೆಂದು ಹೇಳಬೇಡಿ, ಅವಧಿಯ ನಡುವೆ ಅದಲುಬದಲು ಮಾಡಿ. ಅವರ್ ಮೀಟರು, ಡೆಲಿವರಿ ಗೇಜು, ವೋಲ್ಟ್ ಮೀಟರು ಜೊತೆಗಿರಲಿ. ಮೋಟಾರಿನ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಶೇ. 15 ವೋಲ್ಟೇಜು ಬಿದ್ದರೆ ಟಾರ್ಕಿನಲ್ಲಿ ಉಳಿಯುವುದು ಶೇ. 72 ಮಾತ್ರ. ಇದನ್ನು ಬರೆದಿಡದಿದ್ದರೆ ದೂರು ಬಂದಾಗ ಇಂಪೆಲ್ಲರಿನದೋ ಕರೆಂಟಿನದೋ ಗೊತ್ತಾಗುವುದಿಲ್ಲ. ಯಾವ ಲಕ್ಷಣ ಕಂಡರೆ ಓಟ ನಿಲ್ಲಿಸಬೇಕು ಎಂಬುದನ್ನು ಮೊದಲೇ ಬರೆದು ಪಂಪಿನ ಪಕ್ಕದಲ್ಲೇ ಅಂಟಿಸಿ: ಗೇಜಿನ ಮುಳ್ಳು ಇಂತಿಷ್ಟಕ್ಕಿಂತ ಕೆಳಗಿಳಿದರೆ, ಗ್ಲ್ಯಾಂಡು (ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಭಾಗ) ಕೈ ಇಡಲಾರದಷ್ಟು ಬಿಸಿಯಾದರೆ, ಹೊಸ ಸದ್ದು ಬಂದರೆ. ನೀರಿನಲ್ಲಿ ಮರಳಿದ್ದರೆ ನೈಲಾನಿನ ವೇರ್ ರಿಂಗ್ ಜಾಗ ಮೊದಲು ಹೋಗುತ್ತದೆ. ಬಿಚ್ಚಿದಾಗ ಸಂದು ಅಳೆಯುವ ಮುಂಚೆ ತೊಳೆಯಬೇಡಿ, ಮರಳು ಎಲ್ಲಿ ಕೂತಿದೆ ಎಂದು ಮೊದಲು ಫೋಟೋ ತೆಗೆಯಿರಿ.

ಸುಳಿನೀರು:

ತಗಡಿನ ಮರೆ ಕಟ್ಟಿ, ಗಂಟೆಯ ಕಾವು ಕೊಟ್ಟ ಮೇಲೆ ಹಳೆಯದರ ನಾಲ್ಕು ಓದು: 61.1, 61.3, 61.0, 61.2. ಸೊನ್ನೆ ಹೆಚ್ಚೆಂದರೆ 6 ಗ್ರಾಂ ಸರಿದಿದೆ. ಹೊಸದು ಒಂದು 61.4, ಎರಡು 62.9, ಮೂರು 60.2. ಎರಡನೆಯದನ್ನು ಬಿಚ್ಚಿ ಮತ್ತೆ ಜೋಡಿಸಿ ಇನ್ನೂ ಮೂರು ಸಲ ಓಡಿಸಬೇಕು. ಸಕ್ಷನ್ ವಾಲ್ವನ್ನು ಪಂಪಿನಿಂದ ಎಷ್ಟು ದೂರ ಇಡಬೇಕು?

ಒರತೆ:

ಕನಿಷ್ಠ 12 ವ್ಯಾಸ, 80 ಸೆಂ.ಮೀ. ಇರಲಿ. ವಾಲ್ವಿನ ಹಿಂದೆ ಏಳುವ ಗುಳ್ಳೆಗಳು ಪಂಪಿನ ಬಾಯಿಗೆ ಮುಟ್ಟುವ ಮುಂಚೆ ಕರಗಬೇಕು. ಇನ್ನೂ ದೂರ ಇಡಲು ಜಾಗವಿದ್ದರೆ ಇಡಿ, ಪಾರದರ್ಶಕ ಪೈಪಿನ ತುಂಡನ್ನು ವಾಲ್ವು ಮತ್ತು ಪಂಪಿನ ನಡುವೆ ಹಾಕಿ.